ಹೃದಯಕ್ಕೆ ಉಳಿದಿದ್ದ ಒಂದೇ ದಾರಿ

"ಅಯ್ಯೋ, ಯಾರೋ ಬಿದ್ಬುಟ್ರು! ಡ್ರೈವರ್, ನಿಲ್ಸಪ್ಪೋ!"

ಬಸ್ಸು ಕೆಂಗಲ್ ಬಿಟ್ಟು ಇನ್ನೂ ವೇಗ ಹಿಡಿದಿರಲಿಲ್ಲ. ಹಿಂದಿನಿಂದ ಬಂದ ಕೂಗಿಗೆ ಕಿಟಕಿ ಪಕ್ಕ ಕೂತಿದ್ದ ರಾಧಾಮಣಿ ಬೆಚ್ಚಿ ತಿರುಗಿದಳು.

ಸ್ಟಾಪಿನಲ್ಲಿ ಓಡೋಡಿ ಬಂದು ಹತ್ತಿದ ಯಾರೋ ವಯಸ್ಸಾದವರು. ಕಂಬಿ ಹಿಡಿಯುವಷ್ಟರಲ್ಲೇ ಕಣ್ಣು ಕತ್ತಲೆ ಬಂದು ಸೀಟುಗಳ ನಡುವೆ ಕುಸಿದಿದ್ದರು. ಜನ ಸುತ್ತ ನಿಂತು ನೋಡುತ್ತಿದ್ದರೇ ಹೊರತು ಯಾರೂ ಬಗ್ಗುತ್ತಿರಲಿಲ್ಲ.

ರಾಧಾಮಣಿ ಟೀಚರ್ ಆಗಿ ರಿಟೈರ್ ಆದವಳು. ಪ್ರೇಯರ್ ಹೊತ್ತಲ್ಲಿ ತಲೆಸುತ್ತಿ ಬಿದ್ದ ಎಷ್ಟೋ ಮಕ್ಕಳನ್ನು ಎತ್ತಿ ನೆರಳಿಗೆ ಕೂರಿಸಿದವಳು. ಸುಮ್ಮನೆ ಕೂರೋದು ಅವಳಿಗೆ ಗೊತ್ತಿಲ್ಲ.

"ಜಾಗ ಬಿಡಿ, ಒಸಿ ಗಾಳಿ ಆಡ್ಲಿ!" ಎನ್ನುತ್ತಾ ನೀರಿನ ಬಾಟಲಿ ಹಿಡಿದು ಅವರ ಪಕ್ಕ ಮೊಣಕಾಲೂರಿದಳು. ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಬಾಟಲಿ ಕೈಯಿಂದ ಜಾರಿತು.

ಕೆಂಪರಾಜು!

ಅವಳ ಗಂಡ. ಹನ್ನೆರಡು ವರ್ಷದಿಂದ ಅವಳು ಒಂದು ಮಾತೂ ಆಡದ ಗಂಡ...

ಎಷ್ಟು ಇಳಿದುಹೋಗಿದ್ದಾನೆ! ಕೆನ್ನೆ ಒಳಗೆ ಹೋಗಿದೆ. ತುಟಿ ಬೂದಿ ಬಣ್ಣಕ್ಕೆ ತಿರುಗಿದೆ. ಹಣೆ ಮೇಲೆ ತಣ್ಣನೆ ಬೆವರು.

ಎದ್ದು ಹೋಗಿ ಸೀಟಿನಲ್ಲಿ ಕೂತುಬಿಡಲಾ? ಒಂದೇ ಒಂದು ಕ್ಷಣ ಆ ಯೋಚನೆ ಬಂದಿದ್ದು ನಿಜ. ಆದರೆ ಕೈ ಆಗಲೇ ಸೆರಗಿನಿಂದ ಅವನ ಹಣೆ ಒರೆಸುತ್ತಿತ್ತು.

ಕೆಂಪರಾಜು ನಿಧಾನವಾಗಿ ಕಣ್ಣು ತೆರೆದ. ಅವಳನ್ನೇ ನೋಡಿದ. ನಂಬಿಕೆ ಬಾರದವನಂತೆ ಮತ್ತೆ ನೋಡಿದ.

"ರಾಧಾ...? ನೀನು..."

"ಮಾತಾಡ್ಬೇಡಿ," ಅಂದಳು ಅವಳು.

ಹನ್ನೆರಡು ವರ್ಷದ ನಂತರ ಗಂಡನಿಗೆ ಹೇಳಿದ ಮೊದಲ ಮಾತು ಅದು!

"ನಿಮಗೆ ಗೊತ್ತಿರೋರಾ ಅಮ್ಮ?" ಕಂಡಕ್ಟರ್ ಕೇಳಿದ.

ರಾಧಾಮಣಿ ಸುತ್ತ ನೋಡಿದಳು. ಬಸ್ಸಿನಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು.

"...ನಮ್ಮ ಮನೆಯವರು."

*

ಒಂದು ಕಾಲಕ್ಕೆ ಇವರಿಬ್ಬರ ವಿಷಯ ಮಾಗಡಿ ರಸ್ತೆಯ ಊರುಗಳಿಗೆಲ್ಲ ಗೊತ್ತಿತ್ತು. ಕೆಂಪರಾಜು ಸರ್ಕಾರಿ ಬಸ್ಸಿನ ಡ್ರೈವರ್. ರಾಧಾಮಣಿ ಆಗ ತಾನೇ ಕೆಲಸ ಸಿಕ್ಕಿದ್ದ ಟೀಚರ್. ಅವಳು ದೂರದಲ್ಲಿ ಬರುತ್ತಿರುವುದು ಕಂಡರೆ ಸಾಕು, ಬಸ್ಸು ಕದಲುತ್ತಿರಲಿಲ್ಲ.

"ಲೇ ಕೆಂಪ, ಹೊಂಡ್ಲಾ! ಟೈಮಾಯ್ತು!" ಅಂತ ಕಂಡಕ್ಟರ್ ಖಾಸಿಂ ಸೀಟಿ ಊದಿದರೂ, "ಟೀಚರಮ್ಮ ಬರ್ಲಿ ತಾಳ್ಲಾ" ಅನ್ನುತ್ತಿದ್ದ.

ಒಂದೇ ಜಾತಿ, ಗೊತ್ತಿದ್ದ ಮನೆತನ. ಯಾರೂ ಬೇಡ ಅನ್ನಲಿಲ್ಲ. ಪ್ರೀತಿಸಿದವನನ್ನೇ ಮದುವೆಯಾದಳು ರಾಧಾಮಣಿ. ಒಬ್ಬಳೇ ಮಗಳು ಹುಟ್ಟಿದಳು, ಭಾನುಪ್ರಿಯ.

ಅದೇ ಮಗಳು ಬೆಳೆದು, ಕಾಲೇಜಿನಲ್ಲಿ ಪಾಠ ಹೇಳುವ ಮುನಿಕೃಷ್ಣನನ್ನು ಇಷ್ಟಪಟ್ಟಾಗ ಮನೆ ಹೊತ್ತಿ ಉರಿಯಿತು. ಹುಡುಗನ ಗುಣದಲ್ಲಿ ಯಾರೂ ಒಂದು ಕೊಂಕು ತೆಗೆಯಲಿಲ್ಲ. ಜಾತಿ ಮಾತ್ರ ಬೇರೆ. ಮೇಲು ಕೀಳು ಎಣಿಸುವ ಊರಿನಲ್ಲಿ ಅಷ್ಟೇ ಸಾಕಾಯಿತು.

"ನಿಮ್ಮದು ಪ್ರೀತಿ, ನಮ್ಮದು ತಪ್ಪಾ ಅಪ್ಪಾ?" ಮಗಳು ಕೇಳಿದಾಗ ಕೆಂಪರಾಜು ತಲೆ ತಗ್ಗಿಸಿದ್ದ.

ಕನಕಪುರದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ. ಆ ದಿನ ಬೆಳಿಗ್ಗೆ, "ನೀನು ಮುಂದೆ ಹೋಗು ರಾಧಾ, ನಾನು ಬತ್ತೀನಿ" ಅಂದಿದ್ದ.

ಅವಳು ಆಫೀಸಿನ ಗೇಟಿನಲ್ಲಿ ನಿಂತು ಕಾದಳು. ಬಸ್ಸು ಬಂದಾಗಲೆಲ್ಲ ಕತ್ತು ಉದ್ದ ಮಾಡಿ ನೋಡಿದಳು. ಅವನು ಬರಲಿಲ್ಲ.

ಸಂಜೆಗೆ ಸುದ್ದಿ ಬಂತು. ಮಗಳು ತನ್ನ ಪಾಲಿಗೆ ಸತ್ತಳು ಅಂತ ಕೆಂಪರಾಜು ಅಂದನಂತೆ!

ಅಂದಿನಿಂದ ರಾಧಾಮಣಿ ರಾಮನಗರದ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ದೊಡ್ಡಮಳೂರಿನಲ್ಲಿ, ಅಪ್ರಮೇಯ ಸ್ವಾಮಿ ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಳು. ಅವನು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೆ ಫೋನ್ ಬರುವುದೂ ನಿಂತಿತು.

*

"ಹೃದಯದಿಂದ ರಕ್ತ ಹೊರಗೆ ಹೋಗೋ ಬಾಗಿಲಿದೆಯಲ್ಲ, ಅದೇ ಗಟ್ಟಿಯಾಗಿಬಿಟ್ಟಿದೆ," ಅಂದರು ಡಾಕ್ಟರ್ ಮೆಹ್ರೀನ್.

ರಾಮನಗರದ ಆಸ್ಪತ್ರೆಯಲ್ಲಿ ನೋಡಿ, ತಕ್ಷಣ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದಿದ್ದರು. ಈಗ ದೊಡ್ಡಾಸ್ಪತ್ರೆಯ ಸಣ್ಣ ಕೋಣೆಯಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರು, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು...

"ಪೂರ್ತಿ ತೆರೆಯಬೇಕಾದ ಕವಾಟ ಒಂದು ಸಂದಿಯಷ್ಟೇ ತೆರೀತಿದೆ. ಅದಕ್ಕೇ ಓಡಿದ ಕೂಡಲೇ ತಲೆಗೆ ರಕ್ತ ಸಾಲದೆ ಬಿದ್ದಿದ್ದು. ಕವಾಟ ಬದಲಾಯಿಸಲೇಬೇಕು. ಹಾಗೇ ಬಿಟ್ಟರೆ ಹೆಚ್ಚು ದಿನ ನಡೆಯಲ್ಲ."

"ಆಪರೇಷನ್ನಾ ಮೇಡಂ?" ರಾಧಾಮಣಿ ಕೇಳಿದಳು.

"ಎದೆ ತೆರೆಯೋ ಆಪರೇಷನ್ ಇವರ ಶ್ವಾಸಕೋಶ ತಡೆಯಲ್ಲ. ಬೀಡಿ ಅಷ್ಟು ಹಾಳು ಮಾಡಿದೆ. ಇನ್ನೊಂದು ದಾರಿ ಇದೆ. ಹೊಸ ಕವಾಟವನ್ನ ಮಡಚಿ, ತೆಳುವಾದ ಒಂದು ಟ್ಯೂಬಿನಲ್ಲಿಟ್ಟು, ತೊಡೆಯ ರಕ್ತನಾಳದಿಂದ ಹೃದಯದವರೆಗೂ ಕಳಿಸ್ತೀವಿ. ಅಲ್ಲಿ ಅದು ಹಳೇದರ ಒಳಗೇ ಬಿಚ್ಚಿಕೊಂಡು ಕೂರುತ್ತೆ."

"ಹಂಗಾದ್ರೆ ಅದನ್ನೇ ಮಾಡಿ!"

ಡಾಕ್ಟರ್ ಸ್ಕ್ಯಾನಿನ ಚಿತ್ರ ತಿರುಗಿಸಿ ತೋರಿಸಿದರು.

"ಕಷ್ಟ ಇರೋದೇ ಅಲ್ಲಿ. ಎರಡೂ ಕಾಲಿನ ರಕ್ತನಾಳದೊಳಗೆ ಸುಣ್ಣ ಕಟ್ಟಿ, ದಾರಿ ಕಿರಿದಾಗಿದೆ. ಟ್ಯೂಬು ಹೋಗಲ್ಲ. ಬಲವಂತ ಮಾಡಿದರೆ ನಾಳ ಹರಿದುಹೋಗುತ್ತೆ." ಆಮೇಲೆ ಕೆಂಪರಾಜುವಿನ ಕಡೆ ತಿರುಗಿದರು. "ನಡೀವಾಗ ಕಾಲು ನೋಯ್ತಿತ್ತಾ? ನಿಂತರೆ ಕಮ್ಮಿ ಆಗ್ತಿತ್ತಾ?"

"ಹೂಂ ಮೇಡಂ. ಮೀನಖಂಡ ಹಿಂಡಿದಂಗಾಗೋದು. ಎಲ್ಲೋದ್ರೂ ಯಾವುದಾದ್ರೂ ಕಂಬ ಹಿಡ್ಕಂಡು ನಿಂತು ನಿಂತು ಹೋಯ್ತಿದ್ದೆ. ನಾಕೈದು ವರ್ಷಾಯ್ತು."

ಕಂಬ...!

ರಾಧಾಮಣಿ ತಟ್ಟನೆ ತಲೆ ಎತ್ತಿದಳು.

ದೊಡ್ಡಮಳೂರಿನ ಅವಳ ಮನೆ ಓಣಿಯ ಕೊನೆಯಲ್ಲಿ ಒಂದು ಕರೆಂಟ್ ಕಂಬ ಇದೆ. ಅದನ್ನು ಹಿಡಿದುಕೊಂಡು ಅವನು ನಿಂತಿದ್ದನ್ನು ಕಿಟಕಿಯಿಂದ ಅವಳು ನೋಡಿದ್ದಳು. ಒಂದು ಸಲವಲ್ಲ, ಹಲವು ಸಲ. ಬರುತ್ತಿದ್ದ, ನಿಲ್ಲುತ್ತಿದ್ದ, ವಾಪಸ್ ಹೋಗುತ್ತಿದ್ದ.

'ಬಾಗಿಲು ತಟ್ಟೋಕೂ ಇವರಿಗೆ ಜಂಬ! ನಾನೇ ಓಡಿ ಹೋಗಿ ಕರೀಬೇಕೇನೋ!' ಅಂದುಕೊಂಡು ಪರದೆ ಎಳೆದಿದ್ದಳು.

ಜಂಬ ಅಲ್ಲವಾ ಅದು? ನೋವಾ?

ಅವಳು ಪಕ್ಕಕ್ಕೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ಬೇರೆ ದಾರಿನೇ ಇಲ್ವಾ ಮೇಡಂ?"

"ಭುಜದ ಹತ್ತಿರ ನೋಡಿದೆವು. ಅಲ್ಲೂ ಕಿರಿದಾಗಿದೆ. ಉಳಿದಿರೋದು ಒಂದೇ. ಕುತ್ತಿಗೆಯ ಎಡಗಡೆ ರಕ್ತನಾಳ. ಅದು ಚೆನ್ನಾಗಿದೆ, ಹೃದಯಕ್ಕೂ ಹತ್ತಿರ. ಆದರೆ..." ಡಾಕ್ಟರ್ ತಮ್ಮ ಕುತ್ತಿಗೆಯ ಎಡಗಡೆ ಬೆರಳಿಟ್ಟು ತೋರಿಸಿದರು. "ಅದು ಮಿದುಳಿಗೆ ಹೋಗೋ ನಾಳ. ಸುಣ್ಣದ ಒಂದು ಚೂರು ಮೇಲಕ್ಕೆ ಹೋದರೂ ಸ್ಟ್ರೋಕ್ ಆಗಬಹುದು. ಹೆಚ್ಚು ಜನಕ್ಕೆ ಆಗಲ್ಲ. ಆದರೆ ಆಗಲ್ಲ ಅಂತ ನಾನು ಮಾತು ಕೊಡಲಾರೆ. ಆ ಕಡೆ ಆದರೆ ಮಾತು ಹೋಗಬಹುದು."

ಕೆಂಪರಾಜು ಮೊದಲ ಬಾರಿಗೆ ತಲೆ ಎತ್ತಿದ.

"ಮಾಡಿ ಮೇಡಂ," ಅಂದ. "ಆದ್ರೆ ಅದಕ್ಕೂ ಮುಂಚೆ ನಾನು ಒಸಿ ಮಾತಾಡ್ಬೇಕು."

*

ಸುದ್ದಿ ತಿಳಿದು ಮಾಗಡಿಯಿಂದ ಭಾನುಪ್ರಿಯ ಮತ್ತು ಮುನಿಕೃಷ್ಣ ಬಂದರು. ಭಾನುಪ್ರಿಯ ವಾರ್ಡಿನ ಬಾಗಿಲ ಹತ್ತಿರವೇ ನಿಂತಳು. ಒಳಗೆ ಬರಲು ಅವಳ ಕಾಲು ಒಪ್ಪಲಿಲ್ಲ. ಮುನಿಕೃಷ್ಣನೇ ಮುಂದೆ ಬಂದ.

ಕೆಂಪರಾಜು ಹಾಸಿಗೆಯಿಂದ ಏಳಲು ಹೋದ, ಆಗಲಿಲ್ಲ. ಕೂತಲ್ಲೇ ಕೈ ಮುಗಿದ.

"ತಪ್ಪಾಯ್ತು ಕಣಪ್ಪ. ನಿಂಗೆ ದೊಡ್ಡ ತಪ್ಪು ಮಾಡ್ಬುಟ್ಟೆ."

ಮುನಿಕೃಷ್ಣ ಆ ಕೈಗಳನ್ನು ಮೆಲ್ಲಗೆ ಇಳಿಸಿದ.

"ನಮ್ಮಪ್ಪ ಸಾಯೋ ತನಕ ನಿಮ್ಮನ್ನ ಕಾದರು ಮಾವ," ಅಂದ. "ಪ್ರತಿ ಹಬ್ಬಕ್ಕೂ, ಈ ಸಲ ಬೀಗರು ಬರ್ತಾರೆ ನೋಡು ಅನ್ನೋರು. ಈ ಮಾತು ಅವರು ಕೇಳಬೇಕಾಗಿತ್ತು."

ಕೆಂಪರಾಜುವಿನ ಮುಖ ಹಿಂಡಿದಂತಾಯಿತು. ಬೀಗ ಮುನಿಶಾಮಯ್ಯ ತೀರಿಕೊಂಡು ಮೂರು ವರ್ಷ ಆಗಿದೆ. ಆ ಮನುಷ್ಯನಿಗೆ ಇನ್ನು ಏನು ಹೇಳಿದರೂ ತಲುಪುವುದಿಲ್ಲ.

"ಇವತ್ತೇ ಕ್ಷಮಿಸಿದೆ ಅಂದರೆ ಸುಳ್ಳಾಗುತ್ತೆ," ಮುನಿಕೃಷ್ಣನ ಧ್ವನಿ ಮೃದುವಾಯಿತು. "ಆದರೆ ನೀವು ಹುಷಾರಾಗಿ ಬನ್ನಿ. ಅದು ಮಾತ್ರ ಮನಸ್ಸಿನಿಂದ ಹೇಳ್ತಿದ್ದೀನಿ."

ಬಾಗಿಲ ಹತ್ತಿರ ಭಾನುಪ್ರಿಯ ಬಿಕ್ಕಿದಳು. "ಅಪ್ಪಾ..." ಅಂತ ಓಡಿ ಬಂದು ಅವನ ಕಾಲ ಬಳಿ ಹಾಸಿಗೆಗೆ ಮುಖ ಒತ್ತಿದಳು. ಅವನು ಮಗಳ ತಲೆ ಮೇಲೆ ಕೈಯಿಟ್ಟ.

*

ಮಗಳು ಅಳಿಯ ಊಟಕ್ಕೆ ಹೋದ ಮೇಲೆ ರಾಧಾಮಣಿ ಸ್ಟೂಲ್ ಎಳೆದುಕೊಂಡು ಕೂತಳು. ಮಾರನೇ ದಿನ ಬೆಳಿಗ್ಗೆ ಆಪರೇಷನ್. ಕಿಟಕಿಯಾಚೆ ಸಂಜೆ ಬಿಸಿಲು ಇಳಿಯುತ್ತಿತ್ತು.

"ನಾನು ಬಂದಿದ್ದೆ ರಾಧಾ," ಅಂದ ಕೆಂಪರಾಜು.

"ಎಲ್ಲಿಗೆ?"

"ಕನಕಪುರಕ್ಕೆ. ಮಗಳ ಮದ್ವೆ ದಿನ."

"ಸುಳ್ಳು ಹೇಳ್ಬೇಡಿ! ನಾನು ಗೇಟಲ್ಲೇ ನಿಂತಿದ್ದೆ!"

"ಹೂಂ. ನೀನು ಹಸಿರು ಸೀರೆ ಉಟ್ಕಂಡಿದ್ದೆ. ಬಸ್ ಬಂದಾಗೆಲ್ಲ ಸೆರಗು ಹಣೆಗೆ ಅಡ್ಡ ಹಿಡ್ದು ನೋಡ್ತಿದ್ದೆ. ನಾನು ಎದುರುಗಡೆ ಟೀ ಅಂಗಡಿ ಒಳಗಿದ್ದೆ ಕಣೇ..."

ಅವಳು ಅವನನ್ನೇ ನೋಡಿದಳು.

"ನಮ್ಮಣ್ಣ ಫೋನ್ ಮಾಡ್ದ. ಆ ಗೇಟ್ ಒಳಕ್ಕೆ ಕಾಲಿಟ್ರೆ ನಿನ್ ಹೆಣ ಎತ್ತಕ್ಕೂ ನಮ್ಮೋರು ಯಾರೂ ಬರಲ್ಲ ಅಂದ. ಅಷ್ಟು ವರ್ಷ ಘಾಟಿ ರಸ್ತೇಲೆಲ್ಲ ಬಸ್ ಓಡ್ಸಿದೀನಿ, ಒಂದಿನ ಹೆದ್ರಿಲ್ಲ. ಅವತ್ತು ಹೆದ್ರಿಬುಟ್ಟೆ. ಮಗಳು ಹಾರ ಹಾಕ್ಕಂಡು ಹೊರಕ್ಕೆ ಬಂದ್ಲು. ನೋಡ್ದೆ. ಎಷ್ಟು ಚೆಂದಾಗಿ ಕಾಣ್ತಿದ್ಲು... ಹಿಂದಿನ ಬಾಗ್ಲಿಂದ ಹೊಂಟೋದೆ."

"ಒಂದು ರಸ್ತೆ ರೀ!" ರಾಧಾಮಣಿಯ ಧ್ವನಿ ಒಡೆಯಿತು. "ಒಂದು ರಸ್ತೆ ದಾಟೋದಿತ್ತು ಅಷ್ಟೇ!"

"ದಾಟ್ಲಿಲ್ಲ."

"ಮತ್ತೆ ಆ ಮಾತು? ಮಗಳು ಸತ್ತಳು ಅಂದಿದ್ದು?"

"ನಾನು ಅಂದಿದ್ದಲ್ಲ. ಅಣ್ಣ ನನ್ ಹೆಸ್ರಲ್ಲಿ ಅಂದ. ಆದ್ರೆ ನಾನು ಹಂಗಂದಿಲ್ಲ ಅಂತ ಯಾರ ಮುಂದೆನೂ ಬಾಯಿ ಬುಡ್ಲಿಲ್ಲ. ಅಂದಂಗೇ ಆಯ್ತಲ್ಲ ಅದು!"

ಅವನಿಗೆ ಉಸಿರು ಕಟ್ಟಿತು. ಅವಳು ಬೆನ್ನಿಗೆ ದಿಂಬು ಕೊಟ್ಟಳು. ಸುಧಾರಿಸಿಕೊಂಡು ಮತ್ತೆ ಶುರು ಮಾಡಿದ.

"ಆಮ್ಯಾಕೆ ನಿನ್ ಮನೆ ಹತ್ರಕ್ಕೆ ಬತ್ತಿದ್ದೆ. ಬಸ್ ಸ್ಟಾಪಿಂದ ನಿಮ್ಮ ಓಣಿ ತನಕ ಬರೋ ಹೊತ್ತಿಗೆ ಕಾಲು ಹಿಡ್ಕಳದು. ನಿಂತ್ಕತಿದ್ದೆ. ನೋವು ಹೋಗೋ ಹೊತ್ತಿಗೆ ಧೈರ್ಯನೂ ಹೊಂಟೋಗಿರೋದು..."

'ನಾನು ನೋಡ್ತಿದ್ದೆ. ನೋಡಿ ಪರದೆ ಎಳೀತಿದ್ದೆ. ಒಂದು ಸಲ ಬಾಗಿಲು ತೆಗೆದಿದ್ದರೆ!'

ಹೇಳಬೇಕೆಂದುಕೊಂಡಳು. ನಾಲಿಗೆಗೆ ಬಂತು. ಆದರೆ ಹನ್ನೆರಡು ವರ್ಷ ಸಾಕಿಕೊಂಡು ಬಂದಿದ್ದ ಸಿಟ್ಟು ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ.

"ನಾಳಿಕೆ ನನ್ ಮಾತು ಹೋದ್ರೂ ಹೋಗ್ಬೈದು. ಅದಕ್ಕೇ ಕೇಳ್ತಿದೀನಿ ರಾಧಾ. ನನ್ನ ಕ್ಷಮಿಸ್ತೀಯಾ?"

ಎಷ್ಟು ಆಸೆಯಿಂದ ನೋಡುತ್ತಿದ್ದ!

ರಾಧಾಮಣಿ ಎದ್ದು ನಿಂತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆಪರೇಷನ್ ಮುಗಿಸ್ಕೊಂಡು ಬನ್ನಿ. ಬಂದ್ಮೇಲೆ ಹೇಳ್ತೀನಿ."

"ಈಗ್ಲೇ ಹೇಳ್ಬಾರ್ದಾ?"

"ಬಂದ್ಮೇಲೆ."

ಅವನು ಮೆಲ್ಲಗೆ ತಲೆಯಾಡಿಸಿದ. "ಆಯ್ತು. ಹಂಗಾದ್ರೆ ಬತ್ತೀನಿ."

*

ಕವಾಟ ಚೆನ್ನಾಗಿ ಕೂತಿದೆ ಅಂತ ಮಧ್ಯಾಹ್ನದ ಹೊತ್ತಿಗೆ ಡಾಕ್ಟರ್ ಮೆಹ್ರೀನ್ ಹೊರಗೆ ಬಂದು ಹೇಳಿದರು. ಭಾನುಪ್ರಿಯ ಅಮ್ಮನನ್ನು ತಬ್ಬಿಕೊಂಡಳು. ರಾಧಾಮಣಿ ಮನಸ್ಸಿನಲ್ಲೇ ಕಬ್ಬಾಳಮ್ಮನಿಗೆ ಕೈ ಮುಗಿದಳು.

ಆದರೆ ಡಾಕ್ಟರ್ ಮುಖದಲ್ಲಿ ನಗು ಇರಲಿಲ್ಲ.

"ಎಚ್ಚರ ಆಗಿದ್ದಾರೆ. ಆದರೆ ಮಾತು ಬರ್ತಿಲ್ಲ. ಬಲಗೈಯಲ್ಲೂ ಸ್ವಲ್ಪ ಶಕ್ತಿ ಕಮ್ಮಿ ಇದೆ. ತಕ್ಷಣ ಸ್ಕ್ಯಾನ್ ಮಾಡಿದೆವು. ಮಿದುಳಿಗೆ ಸಣ್ಣ ಪೆಟ್ಟು, ದೊಡ್ಡದಲ್ಲ. ಮಾತು ವಾಪಸ್ ಬರೋ ಸಾಧ್ಯತೆ ಇದೆ. ಎಷ್ಟು, ಯಾವಾಗ ಅಂತ ಈಗಲೇ ಹೇಳೋಕಾಗಲ್ಲ."

ರಾಧಾಮಣಿಗೆ ಉಳಿದ ಮಾತು ಕೇಳಿಸಲಿಲ್ಲ.

'ಈಗ್ಲೇ ಹೇಳ್ಬಾರ್ದಾ?' ಅಂದಿದ್ದ. ಎಷ್ಟು ದೊಡ್ಡ ಮಾತಾಗಿತ್ತು ಅದು? ಹೂಂ ಅನ್ನೋಕೆ ಏನಾಗಿತ್ತು ನನಗೆ? ರಸ್ತೆ ದಾಟಲಿಲ್ಲ ಅಂತ ಅವರಿಗೆ ಅಂದೆನಲ್ಲ, ನಾನು ಮಾಡಿದ್ದೇನು!

ಒಳಗೆ ಹೋದಾಗ ಅವನ ಕುತ್ತಿಗೆಗೆ ಬಿಳಿ ಪಟ್ಟಿ ಅಂಟಿಸಿದ್ದರು. ತುಟಿಯ ಬೂದಿ ಬಣ್ಣ ಹೋಗಿತ್ತು. ಅವಳನ್ನು ಕಂಡು ತುಟಿ ಅಲುಗಿಸಿದ. ಸದ್ದು ಬಂತು, ಆದರೆ ಮಾತಾಗಲಿಲ್ಲ. ಮತ್ತೆ ಪ್ರಯತ್ನಿಸಿದ. ಕಣ್ಣಲ್ಲಿ ಗಾಬರಿ.

"ಬೇಡ... ಬೇಡ, ಆಯಾಸ ಮಾಡ್ಕೋಬೇಡಿ." ಅವಳು ಹಾಸಿಗೆಯ ಮೇಲೆ ಬಗ್ಗಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಕ್ಷಮಿಸಿದ್ದೀನಿ ರೀ. ನಿನ್ನೆಯೇ ಕ್ಷಮಿಸಿದ್ದೆ. ಹಾಳಾದ ಹಟ, ಬಾಯಿ ಬಿಟ್ಟು ಹೇಳಲಿಲ್ಲ. ನೀವು ಕಂಬದ ಹತ್ರ ನಿಂತಿದ್ದನ್ನ ನೋಡ್ತಿದ್ದೆ ರೀ ನಾನು. ನೋಡಿಯೂ ಬಾಗಿಲು ತೆಗೀಲಿಲ್ಲ. ನೀವೂ ನನ್ನ ಕ್ಷಮಿಸ್ಬೇಕು. ಕೇಳಿಸ್ತಾ? ಅರ್ಥ ಆಗ್ತಿದೆಯಾ?"

ಅವನ ಎಡಗೈ ಮೇಲೆದ್ದಿತು. ಅವಳ ಕೆನ್ನೆಯ ತನಕ ಬಂತು. ಕಣ್ಣೀರು ಒರೆಸಿತು.

ಅರ್ಥವಾಗಿತ್ತು.

*

ಕೆಂಪರಾಜು ರಾಮನಗರದ ಮನೆಗೆ ಹೋಗಲಿಲ್ಲ. ರಾಧಾಮಣಿ ದೊಡ್ಡಮಳೂರಿಗೇ ಕರೆದುಕೊಂಡು ಬಂದಳು. ಮುನಿಕೃಷ್ಣ ಕಾರು ಓಡಿಸಿದ. ಓಣಿಯ ಬಾಯಲ್ಲಿ ಇಳಿದು ಬಾಗಿಲವರೆಗೂ ಮಾವನ ತೋಳು ಹಿಡಿದು ನಡೆಸಿದ.

ಈಗ ಉಸಿರು ಕಟ್ಟುತ್ತಿರಲಿಲ್ಲ. ತಲೆ ಸುತ್ತುತ್ತಿರಲಿಲ್ಲ. ಹೊಸ ಕವಾಟ ತನ್ನ ಕೆಲಸ ಮಾಡುತ್ತಿತ್ತು. ಮಾತು ಮಾತ್ರ ಒಂದೊಂದೇ ಅಕ್ಷರವಾಗಿ ಬರಬೇಕಿತ್ತು.

ಟೀಚರಮ್ಮ ಮತ್ತೆ ಪಾಠ ಶುರು ಮಾಡಿದಳು.

"ಇದೇನು ಹೇಳಿ?" ಅಂತ ಚಮಚ ಹಿಡಿದು ಕೇಳಿದರೆ, ಅವನು ಬಹಳ ಯೋಚಿಸಿ, "ಚ... ಚ... ಚಪ್ಲಿ" ಅನ್ನುತ್ತಿದ್ದ. ತಪ್ಪಾಯಿತೆಂದು ಅವನಿಗೇ ಗೊತ್ತಾಗಿ ಮುಖ ಸಣ್ಣಗಾಗುತ್ತಿತ್ತು.

"ಪರವಾಗಿಲ್ಲ, ಚಪ್ಪಲೀಲೇ ಉಪ್ಪಿಟ್ಟು ತಿನ್ನಿ ಇವತ್ತು!" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಆಮೇಲೆ ಅಡುಗೆಮನೆಗೆ ಹೋಗಿ ಅವಳೊಬ್ಬಳೇ ಅಳುತ್ತಿದ್ದಳು.

ಎಷ್ಟು ಮಾತು ಆಡಬಹುದಾಗಿತ್ತು ಇಬ್ಬರೂ! ಮಾತು ಬರುತ್ತಿದ್ದಾಗ ಆಡಲಿಲ್ಲ...

ಒಂದು ಭಾನುವಾರ ಭಾನುಪ್ರಿಯ, ಮುನಿಕೃಷ್ಣ ಬಂದರು. ಬಾಗಿಲು ತಟ್ಟಿದ ಸದ್ದಿಗೆ ರಾಧಾಮಣಿ ಏಳುವಷ್ಟರಲ್ಲಿ ಕೆಂಪರಾಜು ತಾನೇ ಗೋಡೆ ಹಿಡಿದುಕೊಂಡು ಹೋದ. ಎಡಗೈಯಲ್ಲಿ ಚಿಲಕ ತೆಗೆದ. ಅಳಿಯನ ಮುಖ ನೋಡಿದ. ತುಟಿ ಬಿಗಿಹಿಡಿದು, ಕುತ್ತಿಗೆಯ ನರ ಉಬ್ಬಿಸಿ...

"ಒ... ಒಳಕ್ಕೆ... ಬಾ... ಮಗ."

ಮುನಿಕೃಷ್ಣ ಹೊಸ್ತಿಲಲ್ಲೇ ನಿಂತುಬಿಟ್ಟ. ಕನ್ನಡಕ ತೆಗೆದು ಒರೆಸಿಕೊಂಡ. "ಬಂದೆ ಮಾವ," ಅಂದ.

ಅವತ್ತು ಎಲ್ಲರೂ ಒಟ್ಟಿಗೆ ಕೂತು ಉಂಡರು. ಸಂಜೆ ಮಗಳು ಅಳಿಯ ಹೊರಟ ಮೇಲೆ ಮನೆ ನಿಶ್ಶಬ್ದವಾಯಿತು. ರಾಧಾಮಣಿ ಹೊರಗಿನ ಜಗಲಿಯ ಮೇಲೆ ಕೂತಳು. ಇಂಥ ಭಾನುವಾರಗಳು ಎಷ್ಟು ಬರಬಹುದಾಗಿತ್ತು? ಮುನಿಶಾಮಯ್ಯನವರೂ ಪಂಕ್ತಿಯಲ್ಲಿ ಕೂತಿರುತ್ತಿದ್ದರು. ಯಾರನ್ನು ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ಕೂತೇ ಇದ್ದಳು.

ಕೆಂಪರಾಜು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಅವಳ ಮುಖವನ್ನೇ ನೋಡಿದ.

"ರಾಧಾ..."

"ಹ್ಞೂಂ?"

"ಬೈ... ಬೈಯಿ."

"ಏನಂದ್ರಿ?"

"ನನ್ನ... ಬೈಯಿ. ಸು... ಸುಮ್ಕೆ... ಇರಬ್ಯಾಡ." ಒಂದೊಂದು ಮಾತನ್ನೂ ಹುಡುಕಿ ಹುಡುಕಿ ತಂದ. "ನೀನು... ಸುಮ್ಕಿದ್ರೆ... ಭಯ."

ರಾಧಾಮಣಿಗೆ ಅಳು ಉಕ್ಕಿ ಬಂತು. ಅದರ ಹಿಂದೆಯೇ ನಗುವೂ ಬಂತು. ಶಕ್ತಿ ಇಲ್ಲದ ಅವನ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

"ಬೈತೀನಿ ರೀ. ದಿನಾ ಬೈತೀನಿ. ಸಾಕು ಅನ್ನೋವರೆಗೂ ಬೈತೀನಿ."

"ಅ... ಅನ್ನಲ್ಲ," ಅಂದ ಕೆಂಪರಾಜು.